ಭಾಗಾಕಾರದಲ್ಲಿ ಕಳೆದ ಪ್ರಶಸ್ತಿ

ಎರಡನೆಯ ಮಹಾಯುದ್ಧದ ತರುವಾಯ ಸ್ಕಾಟ್ಲೆಂಡಿನ ಫುಟ್‌ಬಾಲ್ ಕಂಡ ಸೊಗಸಾದ ತಂಡ ಯಾವುದೆಂದು ಕೇಳಿದರೆ, ಎಡಿನ್‌ಬರೊದ ಹೈಬರ್ನಿಯನ್ ಎನ್ನುತ್ತೇನೆ. 1875ರಲ್ಲಿ ಐರಿಷ್ ವಲಸೆಗಾರರು ಕಟ್ಟಿದ ಈ ಸಂಘವು 1948, 1951, 1952ರಲ್ಲಿ ಲೀಗ್ ಪ್ರಶಸ್ತಿಯನ್ನು ಪಡೆಯಿತು. 1951ರಲ್ಲಂತೂ ಎರಡನೆಯವರಿಗಿಂತ ಹತ್ತು ಅಂಕ ಮುಂದಿತ್ತು.

ಈ ಬಲದ ಮೂಲ ಮುಂಚೂಣಿಯ ಐವರು. ಬಲ ಅಂಚಿನಲ್ಲಿ ಗಾರ್ಡನ್ ಸ್ಮಿತ್, ಎಡ ಅಂಚಿನಲ್ಲಿ ವಿಲ್ಲಿ ಆರ್ಮಂಡ್, ನಡುವೆ ಲಾರಿ ರೈಲಿ, ಅವನ ಇಕ್ಕೆಲಗಳಲ್ಲಿ ಬಾಬಿ ಜಾನ್‌ಸ್ಟನ್ ಮತ್ತು ಎಡ್ಡಿ ಟರ್ನ್‌ಬುಲ್. ಒಬ್ಬೊಬ್ಬನೂ ಸಂಘಕ್ಕಾಗಿ ಲೀಗಿನಲ್ಲಿ ನೂರಕ್ಕೆ ಕಡಿಮೆಯಿಲ್ಲದಷ್ಟು ಗೋಲು ಹೊಡೆದವನು.

1953ರಲ್ಲಿ ಹೈಬರ್ನಿಯನ್ ಮತ್ತು ರೇಂಜರ್ಸ್ ತಲಾ 43 ಅಂಕ ಗಳಿಸಿ ಸಮನಾಗಿ ನಿಂತವು. ಆಗಿನ ನಿಯಮದಂತೆ, ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸಬೇಕು. ಹೈಬರ್ನಿಯನ್ ಹೊಡೆದದ್ದು 93, ಬಿಟ್ಟುಕೊಟ್ಟದ್ದು 51, ಭಾಗಲಬ್ಧ 1.82. ರೇಂಜರ್ಸ್ ಹೊಡೆದದ್ದು 80, ಬಿಟ್ಟುಕೊಟ್ಟದ್ದು 39, ಭಾಗಲಬ್ಧ 2.05. ಪ್ರಶಸ್ತಿ ರೇಂಜರ್ಸ್‌ಗೆ ಸಂದಿತು.

ಭಾಗಿಸುವ ಬದಲು ಕಳೆದು ನೋಡೋಣ. ಹೈಬರ್ನಿಯನ್‌ಗೆ 42, ರೇಂಜರ್ಸ್‌ಗೆ 41! ಮುಂದೆ ನಿಯಮ ಬದಲಾಗಿ ವ್ಯತ್ಯಾಸವೇ ಮಾನ್ಯವಾಯಿತು. ಭಾಗಾಕಾರವು ಕೋಟೆ ಕಾಯುವವನಿಗೆ ಒಲಿಯುತ್ತದೆ. ಮುನ್ನುಗ್ಗುವವನು ಅದಕ್ಕೆ ದಂಡ ತೆರಬೇಕಾಗುತ್ತದೆ. ಆ ಐವರಾದರೋ ಮುನ್ನುಗ್ಗುವುದನ್ನೇ ಆಟವೆಂದು ಬಗೆದಿದ್ದರು. 1952ರ ಬಳಿಕ ಆ ಪ್ರಶಸ್ತಿ ಹೈಬರ್ನಿಯನ್ ಅಂಗಳಕ್ಕೆ ಮರಳಿಲ್ಲ. ಆದರೂ ಎಡಿನ್‌ಬರೊದ ಜನ ಆ ಐದು ಹೆಸರುಗಳನ್ನು ಮರೆತಿಲ್ಲ.