ಮಳೆ ಹಿಡಿಯಿತೇ?

2024ರ ಜೂನ್ 4, ಲೋಕಸಭೆಯ ಫಲಿತಾಂಶದ ದಿನ. ಡೊಂಬಿವಲಿಯ ಹೊಟೇಲೊಂದರಲ್ಲಿ ಮೇಜು ಮೇಜಿಗೂ ವಾದ ಏರಿತ್ತು. ಅಡುಗೆಮನೆಯಿಂದ ಹೊರಬಂದ ವೃದ್ಧ ಭಟ್ಟರು ಮಾತ್ರ, ಊರಿನಿಂದ ಅಂದೇ ಬಂದಿಳಿದ ಹುಡುಗನನ್ನು ಕೇಳಿದ್ದು ಒಂದೇ ಮಾತು: "ಊರಲ್ಲಿ ಮಳೆ ಹಿಡಿಯಿತಾ ಮಾರಾಯ?" ನಾವು ನಕ್ಕೆವು. ಮನೆಗೆ ಬಂದ ಮೇಲೆ ಪಂಚಾಂಗ ತೆರೆದೆವು.

ನಮ್ಮವರ ಬಾಳನ್ನು ತಿರುಗಿಸಿದ ರಾಜಕೀಯ ದಿನಗಳಿಗೆಲ್ಲ ಒಂದೊಂದು ಮಳೆಯ ಹೆಸರುಂಟು. 1956ರ ನವೆಂಬರ್ 1 ಸ್ವಾತಿಯ ಕಾಲ. ಅದುವರೆಗೆ ಧಾರವಾಡ, ಬಿಜಾಪುರ, ಕಾರವಾರಗಳಿಂದ ಠಾಣೆಗೆ ಬಂದವನು ತನ್ನ ಮುಂಬಯಿ ರಾಜ್ಯದೊಳಗೇ ಇದ್ದವನು. ಮದರಾಸು ರಾಜ್ಯಕ್ಕೆ ಸೇರಿದ್ದ ಉಡುಪಿಯವನೇ ಹೊರಗಿನವನು. ಅಂದಿನಿಂದ ಇಬ್ಬರೂ ಮೈಸೂರು ರಾಜ್ಯದವರಾದರು. ಇಲ್ಲಿ ಇಬ್ಬರೂ ಪರರಾಜ್ಯದವರಾದರು. 1960ರ ಮೇ 1, ಭರಣಿ, ಮಹಾರಾಷ್ಟ್ರ ಉದಯಿಸಿತು. 1966ರ ಜೂನ್ 19, ಮೃಗಶಿರೆ, ಶಿವಸೇನೆ ಸ್ಥಾಪಿತವಾಯಿತು. ದಕ್ಷಿಣದವರ ವಿರುದ್ಧ ಘೋಷಣೆಗಳೆದ್ದು ಉಡುಪಿ ಹೊಟೇಲುಗಳ ಮೇಲೆ ಕಲ್ಲು ಬಿದ್ದ ಆ ವರ್ಷಗಳನ್ನು ಹಿರಿಯರು ಇಂದಿಗೂ ತಗ್ಗಿದ ದನಿಯಲ್ಲೇ ಹೇಳುತ್ತಾರೆ. ಆದರೂ ಹಿಟ್ಟು ರುಬ್ಬುವುದು ನಿಲ್ಲಲಿಲ್ಲ. ಜೂನ್ 1ರ ಸುಮಾರಿಗೆ ಕೇರಳಕ್ಕಿಳಿಯುವ ಮುಂಗಾರು ಮಂಗಳೂರು, ಕಾರವಾರ, ರತ್ನಾಗಿರಿಗಳನ್ನು ದಾಟಿ 11ರ ಹೊತ್ತಿಗೆ ಮುಂಬಯಿ ಸೇರುವುದು ವಾಡಿಕೆ. ನಮ್ಮವರು ಬಂದ ಹಾದಿಯೂ ಅದೇ ಅಲ್ಲವೇ?

ಹಾಗೆಂದು, ರಾಜಕೀಯವೂ ಋತುವಿನಂತೆ ಬಂದು ಹೋಗುವುದೆಂದು ಕೈಕಟ್ಟಿ ಕೂರುವವರ ಮಾತನ್ನು ನಾವು ಒಪ್ಪೆವು. ಮಳೆಗಾಲ ಮರಳುತ್ತದೆ, ಹಳೆಯ ಮುಂಬಯಿ ರಾಜ್ಯ ಮರಳಲಿಲ್ಲ. ಮಳೆಯಾದರೂ ಮಾತಿಗೆ ನಿಲ್ಲುವುದೇ? 2005ರ ಜುಲೈ 26ರ ಪುಷ್ಯ ಮಳೆ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಸುರಿಯಿತು. ಇತ್ತ ಉಲ್ಹಾಸ ನದಿ ಉಕ್ಕಿ ಕಲ್ಯಾಣದ ಮನೆಗಳಿಗೆ ನುಗ್ಗಿತು. 2025ರಲ್ಲಿ ಮುಂಗಾರು ಮೃಗಶಿರೆಯನ್ನು ಕಾಯದೆ, ಮೇ 26ರಂದೇ ಮುಂಬಯಿಗೆ ಬಂದಿತು. ಕೊಡೆ ತೆಗೆದಿಡದವರು ನೆನೆದರು.

ಊರಿನಲ್ಲಿ ನಮ್ಮ ತಾಯಂದಿರು ಮಳೆಯನ್ನು ತಡೆಯಹೊರಟವರಲ್ಲ, ಸುಮ್ಮನೆ ಕಾದವರೂ ಅಲ್ಲ. ಬಿಸಿಲಿರುವಾಗಲೇ ಕಟ್ಟಿಗೆ ಒಟ್ಟಿ, ಹಪ್ಪಳ ಒಣಗಿಸಿ, ಮಾಡಿನ ಒಡೆದ ಹಂಚುಗಳನ್ನು ಬದಲಿಸಿಡುತ್ತಿದ್ದರು. ಇಲ್ಲಿ ನಮ್ಮ ಮಾಡಿನ ಹಂಚು ಯಾವುದು? ಹೊಟೇಲಿನ ಎಷ್ಟೋ ಹುಡುಗರ ಹೆಸರು ಊರಿನ ಮತದಾರರ ಪಟ್ಟಿಯಲ್ಲಿದೆ, ಮತದ ದಿನ ಊರಿಗೆ ಹೋಗಲು ರಜೆಯಿಲ್ಲ. ಇಲ್ಲಿನ ಪಟ್ಟಿಯಲ್ಲಿ ಹೆಸರೇ ಇಲ್ಲ. ನವಿಮುಂಬಯಿಯ ವಾಶಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿರುವ ನಮ್ಮ ಮಿತ್ರರೊಬ್ಬರೂ ಹೆಸರು ಸೇರಿಸಿರಲಿಲ್ಲ. ಜೂನ್ 4ರಂದು ಆ ಹೊಟೇಲಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವರೂ ಅವರೇ.