ಹಳೆಯ ರೈಫಲ್ಲಿನ ಗುರುತು, ತುಕ್ಕಿನ ಗುಟ್ಟು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಬಿ.ಎಸ್.ಎ. ಕಾರ್ಖಾನೆಯು ಗುರಿಯ ಪಂದ್ಯಗಳಿಗೆಂದು ತಯಾರಿಸುತ್ತಿದ್ದ ಮಾರ್ಟಿನಿ ರೈಫಲ್ ಒಮ್ಮೆಗೆ ಒಂದೇ ತೋಟಾವನ್ನು ಹಿಡಿಯುವಂಥದು. ನಳಿಗೆಯ ಒಳವ್ಯಾಸ ಸುಮಾರು 0.22 ಅಂಗುಲ. ಅಮೆರಿಕದ ಪೀಬಾಡಿ 1862ರಲ್ಲಿ ರೂಪಿಸಿದ ಯಂತ್ರಕ್ರಮವನ್ನು ಸ್ವಿಟ್ಜರ್ಲೆಂಡಿನ ಮಾರ್ಟಿನಿ ತಿದ್ದಿದುದರಿಂದ ಇದಕ್ಕೆ ಆತನ ಹೆಸರು.

ಇದನ್ನು ಗುರುತಿಸುವುದು ಹೇಗೆ? ಅಡಿಯ ಸನ್ನೆಯನ್ನು ಕೆಳಗೆ ತಳ್ಳಿದೊಡನೆ ನಳಿಗೆಯ ಬಾಗಿಲಂತಿರುವ ಉಕ್ಕಿನ ತುಂಡಿನ ಮುಂತುದಿ ತಗ್ಗುತ್ತದೆ. ಪಕ್ಕದಲ್ಲಿ ಸಾಮಾನ್ಯವಾಗಿ ಒಂದಕ್ಕೊಂದು ಆತು ನಿಂತ ಮೂರು ಬಂದೂಕುಗಳ ಮುದ್ರೆಯಿರುತ್ತದೆ. ನಳಿಗೆಯ ಮೇಲೆ ಪರೀಕ್ಷಾಲಯವು ಒತ್ತಿದ ಕಿರೀಟವೂ ಅಕ್ಷರಗಳೂ ಇರುತ್ತವೆ.

ನಳಿಗೆಯೊಳಗೆ ಇಣುಕಿದರೆ ಎಷ್ಟೋ ವೇಳೆ ಸಿಡುಬಿನ ಕಲೆಗಳಂತಹ ಕುಳಿಗಳನ್ನು ಕಾಣುತ್ತೇವೆ. ಹಿಂದಿನ ಒಡೆಯನು ಎಣ್ಣೆ ಹಾಕದ ಸೋಮಾರಿಯೆಂದು ನಾವು ತೀರ್ಮಾನಿಸುವುದು ತರವಲ್ಲ. ಈ ತೋಟಾದ ಸಿಡಿಮದ್ದು ತಳದ ಅಂಚಿನ ಮಡಿಕೆಯಲ್ಲಿ ಅಡಗಿರುತ್ತದೆ. ಹಿಂದೆ ಆ ಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಬೆರೆತಿರುತ್ತಿತ್ತು. ಸಿಡಿದಾಗ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯಲ್ಲಿ ಉಳಿಯುತ್ತದೆ. ಅಡಿಗೆ ಉಪ್ಪಿನ ಈ ನಂಟನು ಗಾಳಿಯ ತೇವವನ್ನು ಸೆಳೆದು ಉಕ್ಕನ್ನು ಕೊರೆಯುತ್ತಾನೆ. ಉಪ್ಪು ನೀರಿನಲ್ಲಿ ಕರಗುವುದೇ ಹೊರತು ಎಣ್ಣೆಯಲ್ಲಿ ಕರಗದು! ಬಿಸಿನೀರಿನಿಂದ ತೊಳೆದು, ಒರಸಿ, ಬಳಿಕ ಎಣ್ಣೆ ಸವರಿದವರ ನಳಿಗೆಗಳು ಉಳಿದುವು.

ಜೀರ್ಣೋದ್ಧಾರದಲ್ಲಿ ಮೊದಲ ಕೆಲಸ ನಳಿಗೆ ಬರಿದಾಗಿದೆಯೆಂದು ಖಚಿತಪಡಿಸಿಕೊಳ್ಳುವುದು. ಉಳಿದುದು ಪರಿಣತರ ಪಾಲಿನದು. ಅರದಿಂದ ಉಜ್ಜಿದರೆ ತುಕ್ಕಿನೊಡನೆ ಮುದ್ರೆಗಳೂ ಅಳಿದು, ರೈಫಲ್ ತನ್ನ ಜನ್ಮಪತ್ರಿಕೆಯನ್ನೇ ಕಳೆದುಕೊಳ್ಳುತ್ತದೆ. ಆದುದರಿಂದ ಎಣ್ಣೆಯಲ್ಲಿ ನೆನೆಸಿದ ನಯವಾದ ಉಕ್ಕಿನ ನಾರಿನಿಂದ ಸಡಿಲವಾದ ತುಕ್ಕನ್ನಷ್ಟೇ ತೆಗೆಯಬೇಕು. ಕೊರೆದುಹೋದ ಉಕ್ಕು ಮರಳಿ ಬೆಳೆಯದು; ಕುಳಿ ಇನ್ನಷ್ಟು ಆಳವಾಗದಂತೆ ತಡೆಯುವುದಷ್ಟೇ ನಮ್ಮ ಕೈಯಲ್ಲಿದೆ.