ಬೀದಿಯ ಅಂಚು ಯಾರ ಪಾಲಿಗೆ?

ಊರು ಬೆಳೆಯುತ್ತದೆ, ಜನ ಹೆಚ್ಚುತ್ತಾರೆ, ಗಾಡಿಗಳು ಅದಕ್ಕಿಂತಲೂ ಬೇಗನೆ ಹೆಚ್ಚುತ್ತವೆ. ಆದರೆ ಎರಡು ಸಾಲು ಕಟ್ಟಡಗಳ ನಡುವೆ ಸಿಕ್ಕಿಕೊಂಡ ಬೀದಿಯ ಅಗಲ ಮಾತ್ರ ಅಂಗುಲದಷ್ಟೂ ಹಿಗ್ಗುವುದಿಲ್ಲ. ಆದುದರಿಂದ ಹಳೆಯ ಪೇಟೆಬೀದಿಯಲ್ಲಿ ಒಬ್ಬರಿಗೆ ಜಾಗ ಕೊಡಬೇಕಾದರೆ ಇನ್ನೊಬ್ಬರಿಂದ ಅದನ್ನು ತೆಗೆದುಕೊಳ್ಳಲೇಬೇಕು. ಬೀದಿಯ ಅಂಚಿನಲ್ಲಿ ಕಾರುಗಳು ನಿಲ್ಲಬೇಕೆ, ಇಲ್ಲವೆ ಅಲ್ಲಿ ಸೈಕಲ್ಲುಗಳಿಗೆಂದೇ ಪ್ರತ್ಯೇಕವಾದ ಹಾದಿ ಇರಬೇಕೆ ಎಂಬ ವಾದವು ಇಂದು ಪ್ರಪಂಚದ ಅನೇಕ ನಗರಗಳಲ್ಲಿ ನೆರೆಹೊರೆಯವರನ್ನೇ ಎರಡು ಪಕ್ಷಗಳಾಗಿ ಒಡೆದಿದೆ. ಈ ವಾದದಲ್ಲಿ ಅಳತೆಗೆ ಸಿಕ್ಕುವುದೆಷ್ಟು, ಸಿಕ್ಕದುದೆಷ್ಟು ಎಂಬುದನ್ನು ನಾವು ಇಲ್ಲಿ ವಿಚಾರ ಮಾಡೋಣ.

ಮೊದಲು ಜಾಗದ ಲೆಕ್ಕವನ್ನು ತೆಗೆದುಕೊಳ್ಳೋಣ. ನಿಂತ ಕಾರೊಂದಕ್ಕೆ ಸುಮಾರು 2 ಮೀಟರ್ ಅಗಲದ, 5 ಮೀಟರಿಗೂ ಹೆಚ್ಚು ಉದ್ದದ ನೆಲ ಬೇಕು. ಅಷ್ಟೇ ನೆಲದಲ್ಲಿ ಹತ್ತು ಸೈಕಲ್ಲುಗಳನ್ನು ಸುಲಭವಾಗಿ ನಿಲ್ಲಿಸಬಹುದು. ಕಾರುಗಳ ಒಂದು ಸಾಲನ್ನು ತೆಗೆದರೆ ಒಂದು ದಿಕ್ಕಿನ ಸೈಕಲ್ ಹಾದಿಗೆ ಬೇಕಾದ ಅಗಲ ದೊರೆಯುತ್ತದೆ.

ಇನ್ನು ಅಪಾಯದ ಲೆಕ್ಕ. ನಿಂತ ಕಾರು ಯಾರಿಗೂ ಕೇಡು ಮಾಡದೆಂದು ನಮಗೆ ತೋರುವುದು ಸಹಜ. ಆದರೆ ಒಳಗೆ ಕುಳಿತವರು ಹಿಂದೆ ನೋಡದೆ ಬಾಗಿಲು ತೆರೆದರೆ ಅದು ಸುಮಾರು 1 ಮೀಟರಿನಷ್ಟು ಹೊರಕ್ಕೆ ಚಾಚುತ್ತದೆ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಬರುವ ಸೈಕಲ್ ಸವಾರನು ಸೆಕೆಂಡಿಗೆ 5 ಮೀಟರ್ ಮುಂದೆ ಸಾಗುತ್ತಾನೆ. ಕಣ್ಣು ಕಂಡುದನ್ನು ಮಿದುಳು ಗ್ರಹಿಸಿ ಕೈ ಬ್ರೇಕನ್ನು ಹಿಡಿಯಲು ಒಂದು ಸೆಕೆಂಡು ಬೇಕೆಂದಿಟ್ಟುಕೊಂಡರೂ ಅಷ್ಟರಲ್ಲಿ ಆತನು ಒಂದು ಕಾರಿನ ಉದ್ದವನ್ನು ದಾಟಿರುತ್ತಾನೆ. ಬಾಗಿಲನ್ನು ತಪ್ಪಿಸಿಕೊಳ್ಳಲು ಪಕ್ಕಕ್ಕೆ ಸರಿದರೆ ಹಿಂದಿನಿಂದ ಬರುವ ಮೋಟಾರು ಗಾಡಿಯ ಎದುರಿಗೆ ಬೀಳುತ್ತಾನೆ. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ವಾಚಕರು ಬಲ್ಲರು. ಗಂಟೆಗೆ 30 ಕಿಲೋಮೀಟರ್ ವೇಗದ ಕಾರಿಗಿಂತ 50 ಕಿಲೋಮೀಟರ್ ವೇಗದ ಅದೇ ಕಾರಿನಲ್ಲಿ ಸುಮಾರು 2.8 ಪಟ್ಟು ಶಕ್ತಿಯಿರುತ್ತದೆ. ಈ ಕಾರಣದಿಂದಲೇ ತಜ್ಞರು ಸೈಕಲ್ ಹಾದಿಯನ್ನು ಕಾಲುದಾರಿಗೂ ನಿಂತ ಕಾರುಗಳಿಗೂ ನಡುವೆ ಇರಿಸಿ, ಬಾಗಿಲು ತೆರೆಯುವಷ್ಟು ತೆರಪನ್ನೂ ಬಿಡುವುದುಂಟು. ಆಗ ಕಾರುಗಳ ಸಾಲೇ ಸವಾರರಿಗೆ ಗೋಡೆಯಾಗುತ್ತದೆ.

ಇಷ್ಟು ತಿಳಿದ ಮೇಲೂ ಅಂಗಡಿಯವರ ಆತಂಕವನ್ನು ನಾವು ಅಲ್ಲಗಳೆಯಲಾಗದು. ಬಾಡಿಗೆ, ಸಂಬಳ, ಸಾಲದ ಬಡ್ಡಿಗಳನ್ನು ದಿನದ ವ್ಯಾಪಾರದಿಂದಲೇ ತೆರಬೇಕಾದವರಿಗೆ, ಅಂಗಡಿಯ ಮುಂದೆ ಕಾರು ನಿಲ್ಲದಿದ್ದರೆ ಗಿರಾಕಿಯೂ ನಿಲ್ಲನೆಂಬ ಭಯ ಹುಟ್ಟುತ್ತದೆ. ಈ ಭಯ ಎಷ್ಟರಮಟ್ಟಿಗೆ ನಿಜ? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಗ್ಲೌಸ್ಟರ್ ರಸ್ತೆಯಲ್ಲಿ 2006ರಲ್ಲಿ ಹೀಗೆಯೇ ಎಣಿಸಿ ನೋಡಿದರು. ಗಿರಾಕಿಗಳಲ್ಲಿ ನೂರಕ್ಕೆ 41 ಮಂದಿ ಕಾರಿನಲ್ಲಿ ಬರುತ್ತಾರೆಂದು ಅಂಗಡಿಯವರು ಊಹಿಸಿದ್ದರು. ನಿಜವಾಗಿ ಬರುತ್ತಿದ್ದವರು 22 ಮಂದಿ ಮಾತ್ರ. ಇದರಲ್ಲಿ ಆಶ್ಚರ್ಯವಿಲ್ಲ. ಬಾಗಿಲಿನೆದುರು ನಿಂತ ಕಾರು ಕಣ್ಣಿಗೆ ಬೀಳುತ್ತದೆ. ನಡೆದು ಬಂದವನು ಒಳಗೆ ಬರುವಾಗ ಏನನ್ನೂ ಹೊರಗೆ ಬಿಟ್ಟಿರುವುದಿಲ್ಲ.

ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಈ ಪರೀಕ್ಷೆ ಇನ್ನೂ ಮುಂದುವರಿಯಿತು. ಅಲ್ಲಿನ ಬ್ಲೂರ್ ಬೀದಿಯ ಒಂದು ಭಾಗದ ಬಗ್ಗೆ 2009ರಲ್ಲಿ ಹೊರಬಂದ ಅಧ್ಯಯನವು, ಗಿರಾಕಿಗಳಲ್ಲಿ ನೂರಕ್ಕೆ ಹತ್ತರಷ್ಟು ಜನ ಮಾತ್ರ ಕಾರಿನಲ್ಲಿ ಬರುವರೆಂದು ತೋರಿಸಿತು. 2016ರಲ್ಲಿ ನಗರಾಡಳಿತವು ಅದೇ ಬೀದಿಯಲ್ಲಿ ಸುಮಾರು 2.4 ಕಿಲೋಮೀಟರ್ ಉದ್ದದ ಸೈಕಲ್ ಹಾದಿಯನ್ನು ಪ್ರಯೋಗಾರ್ಥವಾಗಿ ಹಾಕಿತು; 136 ಕಾರುಗಳು ನಿಲ್ಲುವ ಜಾಗ ಇಲ್ಲವಾಯಿತು. ಸಂಶೋಧಕರು ಹಾದಿ ಬರುವುದಕ್ಕೆ ಮೊದಲೂ ಬಂದ ಮೇಲೂ 500ಕ್ಕೂ ಹೆಚ್ಚು ವರ್ತಕರನ್ನೂ 3,000ಕ್ಕೂ ಹೆಚ್ಚು ಬೀದಿಗೆ ಬಂದವರನ್ನೂ ಪ್ರಶ್ನಿಸಿದರು. ಸೈಕಲ್ ಹಾದಿಯಿಲ್ಲದ ಡ್ಯಾನ್‌ಫೋರ್ತ್ ಬೀದಿಯನ್ನೂ ಹೋಲಿಕೆಗಾಗಿ ಆರಿಸಿಕೊಂಡರು.

ಈ ಹೋಲಿಕೆಯಲ್ಲೇ ವಿಜ್ಞಾನದ ಸತ್ವವಿದೆ. ಬ್ಲೂರ್ ಬೀದಿಯೊಂದನ್ನೇ ನೋಡಿದ್ದರೆ, ಅಲ್ಲಿ ಜನರ ತಿಂಗಳ ಖರ್ಚು ಹೆಚ್ಚಿತು, ಬಹುಪಾಲು ಅಂಗಡಿಗಳ ಗಿರಾಕಿಗಳೂ ಹೆಚ್ಚಿದರು, ಇದೆಲ್ಲ ಸೈಕಲ್ ಹಾದಿಯ ಮಹಿಮೆ ಎಂದು ಹೇಳಿಬಿಡಬಹುದಾಗಿತ್ತು. ಆದರೆ ಹಾದಿಯಿಲ್ಲದ ಬೀದಿಯಲ್ಲಿಯೂ ವ್ಯಾಪಾರ ಹೆಚ್ಚಿತ್ತು. ಆದುದರಿಂದ ನ್ಯಾಯವಾಗಿ ಹೇಳಬಹುದಾದುದು ಇಷ್ಟೆ: ಕಾರುಗಳ ಜಾಗ ಹೋದುದರಿಂದ ಒಟ್ಟಿನಲ್ಲಿ ಪೇಟೆ ಕೆಡಲಿಲ್ಲ. ಎಲ್ಲ ಅಂಗಡಿಗೂ ಇದು ಒಂದೇ ಸಮನಾಗಿ ಅನ್ವಯಿಸದು. ಭಾರದ ಸಾಮಾನು ಮಾರುವವನ ಕಷ್ಟ ಬೇರೆ, ಕಾಫಿ ಮಾರುವವನದು ಬೇರೆ.

2017ರಲ್ಲಿ ನಗರಸಭೆಯು ಹಾದಿಯನ್ನು ಶಾಶ್ವತಗೊಳಿಸಿತು. ಆದರೂ ವಾದ ಮುಗಿಯಲಿಲ್ಲ. ಬ್ಲೂರ್ ಬೀದಿಯೂ ಸೇರಿದಂತೆ ನಗರದ ಮೂರು ಬೀದಿಗಳ ಸೈಕಲ್ ಹಾದಿಗಳನ್ನು ಕಿತ್ತುಹಾಕಲು ಆಂಟೇರಿಯೊ ಪ್ರಾಂತದ ಸರ್ಕಾರವು 2024ರಲ್ಲಿ ಶಾಸನ ಮಾಡಿತು. ವಾಹನಗಳ ದಟ್ಟಣೆ ತಗ್ಗುವುದೆಂಬುದೇ ಅದರ ಕಾರಣ. ಹಾಗೆ ತಗ್ಗುವುದೆಂಬುದಕ್ಕೆ ಸಾಕ್ಷ್ಯವಿಲ್ಲ, ಕಿತ್ತರೆ ಜನರ ಪ್ರಾಣಕ್ಕೆ ಅಪಾಯ ಹೆಚ್ಚುವುದೆಂದು ಪ್ರಾಂತದ ನ್ಯಾಯಾಲಯವು 2025ರ ಜುಲೈನಲ್ಲಿ ತೀರ್ಪಿತ್ತಿತು. ಮೇಲ್ಮನವಿ ಸಲ್ಲಿಸುವುದಾಗಿ ಸರ್ಕಾರ ಹೇಳಿತು.

ನಮ್ಮ ನಾಡಿಗೂ ಈ ಪ್ರಶ್ನೆ ಹೊಸದಲ್ಲ. ಬೆಂಗಳೂರಿನ ಜಯನಗರದಲ್ಲಿ 2012ರ ಸುಮಾರಿಗೆ ಸೈಕಲ್ ಹಾದಿಗಳನ್ನು ಗುರುತಿಸಿದಾಗ, ಬಹುಬೇಗ ಅವುಗಳ ಮೇಲೆ ಕಾರು ಸ್ಕೂಟರುಗಳು ನಿಂತುಬಿಟ್ಟುವು. ಬಿಡುವಾದ ಜಾಗವೆಲ್ಲ ಗಾಡಿ ನಿಲ್ಲಿಸಲೆಂದೇ ಇದೆಯೆಂದು ಭಾವಿಸುವಲ್ಲಿ ಬಣ್ಣದ ಗೆರೆ ಯಾರನ್ನೂ ತಡೆಯಲಾರದು. ಕಟ್ಟೆಯೋ ಕಂಬವೋ ನಡುವೆ ಬೇಕಾಗುತ್ತದೆ.

ಗಿರಾಕಿಗಳು ಹೇಗೆ ಬರುತ್ತಾರೆ, ವ್ಯಾಪಾರ ಏನಾಯಿತು, ಎಷ್ಟು ಮಂದಿ ಗಾಯಗೊಂಡರು ಎಂಬುದನ್ನೆಲ್ಲ ಎಣಿಸಬಹುದು. ಎಣಿಸದೆ ವಾದಕ್ಕೆ ಇಳಿಯಬಾರದು. ಆದರೆ ನಡೆಯಲಾರದ ಮುದುಕರ ಕಾರಿಗೆ ಎಷ್ಟು ಜಾಗ ಉಳಿಸಬೇಕು, ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಹುಡುಗಿಗೆ ಎಷ್ಟು ಕೊಡಬೇಕು ಎಂಬುದನ್ನು ಯಾವ ಅಳತೆಗೋಲೂ ಹೇಳದು. ಅದನ್ನು ಆ ಬೀದಿಯ ಜನರೇ ಕುಳಿತು ತೀರ್ಮಾನಿಸಬೇಕು. ಲೆಕ್ಕ ಎದುರಿಗಿದ್ದರೆ ಭಯವನ್ನು ಭಯವೆಂದು, ನಷ್ಟವನ್ನು ನಷ್ಟವೆಂದು ಬೇರ್ಪಡಿಸಿ ಮಾತನಾಡಲು ಅವರಿಗೆ ಸಾಧ್ಯವಾಗುತ್ತದೆ.